ಲಾಕ್ ಆಸ್ಪತ್ರೆಯಿಂದ ಆಪ್ತಸಮಾಲೋಚನೆಯ ಕೋಣೆಗೆ: ಒಂದು ಭಯದ ಚರಿತ್ರೆ

ಬೆಂಗಳೂರಿನ ಉತ್ತರಕ್ಕೆ, ವಿದ್ಯಾರಣ್ಯಪುರವನ್ನು ದಾಟಿದರೆ ಸಿಂಗಾಪುರ ಎಂಬ ಊರಿದೆ. ವಿಳಾಸ ಹೇಳಿದಾಗಲೆಲ್ಲ 'ಯಾವ ಸಿಂಗಾಪುರ?' ಎಂದು ನಗುವವರನ್ನು ಅಲ್ಲಿಯವರು ಸಹಿಸಿಕೊಳ್ಳಲೇಬೇಕು. ಕೆರೆಯ ಮಗ್ಗುಲಲ್ಲಿದ್ದ ಹಳ್ಳಿ ನಗರ ಬೆಳೆದಂತೆ ಬಾಡಿಗೆ ಕೋಣೆಗಳ ಊರಾಯಿತು. ಪೀಣ್ಯದ ಕಾರ್ಖಾನೆಗಳಿಗೆ, ಯಶವಂತಪುರದ ಗೋದಾಮುಗಳಿಗೆ ಕೆಲಸಕ್ಕೆ ಹೋಗುವ ಹುಡುಗರು ಇಬ್ಬರು ಮೂವರು ಸೇರಿ ಒಂದು ಕೋಣೆ ಹಿಡಿಯುತ್ತಿದ್ದರು. ಅಂಥವರಲ್ಲಿ ಒಬ್ಬ, ಉತ್ತರ ಕರ್ನಾಟಕದ ಕಡೆಯವನು, ನನಗೆ ಪರಿಚಿತನಾಗಿದ್ದ. 2009ರ ಒಂದು ರವಿವಾರ ನನ್ನಲ್ಲಿಗೆ ಬಂದು, ತುಂಬ ಹೊತ್ತು ಏನೇನೋ ಮಾತಾಡಿ, ಕೊನೆಗೆ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ಹೊರತೆಗೆದ. ಜನ ವಿಮೆಯ ಪಾಲಿಸಿ ಇಟ್ಟುಕೊಳ್ಳುವಂಥ ಕವರು. ಅದರಲ್ಲಿ ಐದು ಪ್ರಯೋಗಾಲಯಗಳ ಐದು ಚೀಟಿಗಳಿದ್ದವು. ಐದರಲ್ಲೂ ಎಚ್.ಐ.ವಿ. ಇಲ್ಲವೆಂದೇ ಬರೆದಿತ್ತು.

ಏಳು ತಿಂಗಳ ಹಿಂದೆ ಒಂದು ರಾತ್ರಿ, ಒಂದು ಲಾಡ್ಜು, ಹೆಸರು ಕೂಡ ಗೊತ್ತಿಲ್ಲದ ಒಬ್ಬ ಹೆಂಗಸು. ಕಾಂಡೋಮ್ ಇರಲಿಲ್ಲ. ಇಷ್ಟೇ ನಡೆದದ್ದು. ಆ ಬಳಿಕ ಅವನಿಗೆ ನಿದ್ದೆಯಿಲ್ಲ, ಹೊಟ್ಟೆ ಸರಿಯಿಲ್ಲ, ತೂಕ ಇಳಿದಿತ್ತು. ರಾತ್ರಿ ಬೆವರುತ್ತಿದ್ದ. ಇವೆಲ್ಲ ಏಡ್ಸ್‌ನ ಲಕ್ಷಣಗಳೆಂದು ಬಸ್ ನಿಲ್ದಾಣದ ಭಿತ್ತಿಪತ್ರದಲ್ಲಿ ಓದಿದ್ದ. ಅದೇ ಲಕ್ಷಣಗಳು ಭಯದಿಂದಲೂ ಬರುತ್ತವೆಂದು ಯಾವ ಭಿತ್ತಿಪತ್ರವೂ ಅವನಿಗೆ ಹೇಳಿರಲಿಲ್ಲ.

ಪರೀಕ್ಷೆಗಳ ಪ್ರಕಾರ ಅವನ ರಕ್ತದಲ್ಲಿ ಏನೂ ಇರಲಿಲ್ಲ. ಆದರೂ ಅವನು ಕಾಯಿಲೆಯ ಮನುಷ್ಯನೇ ಆಗಿದ್ದ. ಈ ಕಾಯಿಲೆಯ ಚರಿತ್ರೆ ಏಡ್ಸ್‌ಗಿಂತ ಹಳೆಯದು, ಅದರಲ್ಲಿ ಬೆಂಗಳೂರಿಗೂ ದೊಡ್ಡ ಪಾಲಿದೆ ಎಂಬುದು ಆಮೇಲೆ ಓದುತ್ತ ಹೋದಂತೆ ನನಗೆ ತಿಳಿಯಿತು.

ಲೈಂಗಿಕ ಸಂಪರ್ಕದಿಂದ ಹರಡುವ ರೋಗಕ್ಕೆ ಮನುಷ್ಯರು ಮೊದಲು ಮಾಡುವ ಚಿಕಿತ್ಸೆ ಅದಕ್ಕೆ ಪರಕೀಯ ಹೆಸರಿಡುವುದು. 15ನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಸಿಫಿಲಿಸ್ ಕಾಣಿಸಿಕೊಂಡಾಗ ಇಟಲಿಯವರು ಅದನ್ನು ಫ್ರೆಂಚರ ರೋಗ ಎಂದರು, ಫ್ರೆಂಚರು ನೇಪಲ್ಸ್‌ನ ರೋಗ ಎಂದರು. ತುರ್ಕಿಯಲ್ಲಿ ಅದು 'ಫ್ರೆಂಗಿ' ಆಯಿತು. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಅದು ನಮ್ಮ ದೇಶಕ್ಕೂ ಬಂತು. 16ನೆಯ ಶತಮಾನದ ಭಾವಮಿಶ್ರ ತನ್ನ 'ಭಾವಪ್ರಕಾಶ'ದಲ್ಲಿ ಇದನ್ನು 'ಫಿರಂಗ ರೋಗ' ಎಂದು ವರ್ಣಿಸಿದ. ನಮ್ಮ ಹಳ್ಳಿಗಳ ಹಿರಿಯರು 'ಪರಂಗಿ ಹುಣ್ಣು' ಎನ್ನುತ್ತಿದ್ದುದು ಇದೇ ಸಂಬಂಧದಿಂದ. ಉರ್ದುವಿನ ಹಕೀಮರು ಮಾತ್ರ ಅದನ್ನು ಬೆಂಕಿಗೆ ಹೋಲಿಸಿ 'ಆತಶಕ್' ಎಂದು ಕರೆದರು. ಯಾರ ದೇಶದ ಮೇಲೂ ಹೊರೆ ಹೊರಿಸದ ಹೆಸರು ಅದೊಂದೇ ಇರಬೇಕು.

ಹೆಸರಾದ ಮೇಲೆ ಬರುವುದು ಹೊಣೆಯ ಪ್ರಶ್ನೆ. ಅದನ್ನು ಬ್ರಿಟಿಷರು ಹೇಗೆ ಬಗೆಹರಿಸಿದರೆಂಬುದಕ್ಕೆ ಬೆಂಗಳೂರು ದಂಡೇ ಸಾಕ್ಷಿ. 1809ರಲ್ಲಿ ಹಲಸೂರಿನ ಕಡೆ ಸೈನ್ಯದ ಠಾಣ್ಯ ಬಂತು. ಸೈನ್ಯದ ಜೊತೆ ಬಜಾರು ಬಂತು, ಬಜಾರಿನ ಜೊತೆ ರೋಗವೂ ಬಂತು. ಮದ್ರಾಸ್ ಪ್ರಾಂತದಲ್ಲಿ 19ನೆಯ ಶತಮಾನದ ಆರಂಭದಿಂದಲೇ 'ಲಾಕ್ ಆಸ್ಪತ್ರೆ'ಗಳಿದ್ದವು. 1864ರ ದಂಡುಪ್ರದೇಶ ಕಾಯ್ದೆ ಮತ್ತು 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಈ ವ್ಯವಸ್ಥೆಗೆ ಹೊಸ ಜೀವ ಕೊಟ್ಟವು. ಬೆಂಗಳೂರು, ಬಳ್ಳಾರಿ, ಕಣ್ಣಾನೂರು, ಸಿಕಂದರಾಬಾದ್‌ಗಳ ಲಾಕ್ ಆಸ್ಪತ್ರೆಗಳು ವರ್ಷ ವರ್ಷ ವರದಿ ಒಪ್ಪಿಸುತ್ತಿದ್ದವು. ಸೈನಿಕರು ಹೋಗುವ ಹೆಂಗಸರ ಹೆಸರು ದಾಖಲೆಯಾಗಬೇಕು, ಅವರು ನಿಗದಿತ ದಿನ ತಪಾಸಣೆಗೆ ಬರಬೇಕು, ರೋಗ ಕಂಡರೆ ಗುಣವಾಗುವವರೆಗೆ ಅವರನ್ನು ಅಲ್ಲೇ ಕೂಡಿಹಾಕಬೇಕು. ಗುಣ ಎಂದರೇನೆಂದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇದ್ದ ಔಷಧ ಪಾದರಸ. ಹುಣ್ಣು ತಾನಾಗಿ ಮಾಯುವುದು ಆ ರೋಗದ ಸ್ವಭಾವ, ಮಾಯಿತೆಂದರೆ ರೋಗ ಹೋಯಿತೆಂದಲ್ಲ.

ಇಲ್ಲಿ ಗಮನಿಸಬೇಕಾದುದು ಒಂದಿದೆ. ಸೈನಿಕರ ಗುಪ್ತಾಂಗ ತಪಾಸಣೆಯನ್ನು ಬ್ರಿಟಿಷ್ ಸೈನ್ಯ 1859ರಲ್ಲೇ ಕೈಬಿಟ್ಟಿತ್ತು. ಅದು ಅವರ ಮರ್ಯಾದೆಗೆ ಕುಂದೆಂಬುದು ಕಾರಣ. ಹೀಗಾಗಿ ಒಂದೇ ಸಂಪರ್ಕದ ಎರಡು ಪಾಲುಗಾರರಲ್ಲಿ ಒಬ್ಬರಿಗೆ ಮರ್ಯಾದೆ ಉಳಿಯಿತು, ಇನ್ನೊಬ್ಬರಿಗೆ ಬೀಗ ಬಿತ್ತು. ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಮತ್ತು ಸಂಗಡಿಗರು ಈ ಕಾಯ್ದೆಗಳ ವಿರುದ್ಧ ದೀರ್ಘ ಹೋರಾಟ ನಡೆಸಿದರು. ಭಾರತದ ಕಾಯ್ದೆ 1888ರಲ್ಲಿ ರದ್ದಾಯಿತು. ಬೀಗ ಹೋಯಿತು, ಬೀಗದ ಹಿಂದಿನ ಬುದ್ಧಿ ಅಷ್ಟು ಬೇಗ ಹೋಗಲಿಲ್ಲ. ನೂರು ವರ್ಷಗಳ ಬಳಿಕ ಅದನ್ನು ನಾವು ಮತ್ತೆ ನೋಡಬೇಕಾಯಿತು.

ಅದಕ್ಕೆ ಮುನ್ನ ಪ್ರಯೋಗಾಲಯದ ಕತೆ ಸ್ವಲ್ಪ. 1905ರಲ್ಲಿ ಸಿಫಿಲಿಸ್‌ನ ಜೀವಾಣು ಪತ್ತೆಯಾಯಿತು. 1906ರಲ್ಲಿ ಜರ್ಮನಿಯ ವಾಸರ್‌ಮನ್ ರಕ್ತಪರೀಕ್ಷೆ ಕಂಡುಹಿಡಿದ. ಕಣ್ಣಿಗೆ ಕಾಣದ ಸೋಂಕನ್ನು ರಕ್ತದ ಹನಿ ಹೇಳುತ್ತದೆಂಬ ನಂಬಿಕೆ ಹುಟ್ಟಿದ್ದು ಆಗ. ಆದರೆ ಆ ಪರೀಕ್ಷೆ ಮಲೇರಿಯಾ, ಕ್ಷಯ, ಕುಷ್ಠ ಇದ್ದವರಲ್ಲೂ ತಪ್ಪಾಗಿ 'ಇದೆ' ಎಂದುಬಿಡುತ್ತಿತ್ತು. ಹಿಂದಿನ ಶತಮಾನದ ಯುರೋಪಿನ ವೈದ್ಯರೇ 'ಸಿಫಿಲಿಸ್ ಭೀತಿ' ಎಂಬ ಬೇರೆಯದೇ ಕಾಯಿಲೆಯನ್ನು ಗುರುತಿಸಿದ್ದರು. ರೋಗವಿಲ್ಲದೆಯೂ ರೋಗವಿದೆಯೆಂದು ಕನ್ನಡಿಯ ಮುಂದೆ ಮೈ ಹುಡುಕುತ್ತ ಕೂರುವವರ ಕಾಯಿಲೆ ಅದು. ಪರೀಕ್ಷೆ ಬಂದ ಮೇಲೆ ಅಂಥವರ ಸಂಕಟ ನಿಂತಿತೇ? ನಿಲ್ಲಲಿಲ್ಲ. ಕನ್ನಡಿಯ ಜಾಗಕ್ಕೆ ಚೀಟಿ ಬಂತು, ಅಷ್ಟೇ. 1943ರಲ್ಲಿ ಪೆನಿಸಿಲಿನ್ ಸಿಫಿಲಿಸನ್ನು ಗುಣಪಡಿಸುತ್ತದೆಂದು ಸಾಬೀತಾದ ಮೇಲೆ ಆ ಭೀತಿ ಬಹುಮಟ್ಟಿಗೆ ತಣ್ಣಗಾಯಿತು. ಮನುಷ್ಯನ ಮನಸ್ಸಿನಲ್ಲಿ ಖಾಲಿ ಉಳಿದ ಆ ಪೀಠಕ್ಕೆ ನಾಲ್ಕು ದಶಕಗಳ ನಂತರ ಏಡ್ಸ್ ಬಂದು ಕೂತಿತು.

1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದಲ್ಲಿ ಎಚ್.ಐ.ವಿ. ಇರುವುದನ್ನು ಪತ್ತೆಹಚ್ಚಿದರು. ಸಂಗ್ರಹಿಸಿದ ರಕ್ತದ ಮಾದರಿಗಳನ್ನು ನಿರ್ಮಲಾ ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದು ಪರೀಕ್ಷಿಸಿದ್ದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಅದೇ ವೆಲ್ಲೂರಿನಿಂದ ಮರುವರ್ಷ ಹೊರಬಂದ ಇನ್ನೊಂದು ಬರಹ ಅಷ್ಟು ಪ್ರಸಿದ್ಧವಲ್ಲ. 1987ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ'ಯಲ್ಲಿ ಡಾ. ಕೆ.ಎಸ್. ಜೇಕಬ್ ಮತ್ತು ಸಹೋದ್ಯೋಗಿಗಳು 'ಏಡ್ಸ್ ಫೋಬಿಯಾ' ಎಂಬ ತಲೆಬರಹದ ಒಂದು ಪುಟ್ಟ ವರದಿ ಪ್ರಕಟಿಸಿದರು. ಅಂದರೆ ವೈರಾಣು ಪತ್ತೆಯಾದ ಒಂದೇ ವರ್ಷದಲ್ಲಿ ಅದರ ಭಯವೂ ವೈದ್ಯರ ಕೋಣೆಗೆ ಬಂದಾಗಿತ್ತು. ನಿಜಕ್ಕೂ ಪರಿಣಾಮಕಾರಿಯಾದ ಔಷಧಕ್ಕಾಗಿ ಇನ್ನೂ ಸುಮಾರು ಹತ್ತು ವರ್ಷ ಕಾಯಬೇಕಾಗಿತ್ತು.

ಸರಕಾರ ಆ ಭಯಕ್ಕೆ ಮೊದಲು ಕೊಟ್ಟ ಉತ್ತರ ಹಳೆಯ ಬೀಗವೇ. ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಗೆ ತಿದ್ದುಪಡಿ ತಂದು ಸೋಂಕಿತರನ್ನು ಪ್ರತ್ಯೇಕವಾಗಿ ಇಡುವ ಅಧಿಕಾರ ಪಡೆಯಲಾಯಿತು. 1989ರ ಫೆಬ್ರವರಿಯಲ್ಲಿ ಡಾಮಿನಿಕ್ ಡಿಸೋಜ ಎಂಬ ಯುವಕನನ್ನು ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಒಬ್ಬಂಟಿಯಾಗಿ ಕೂಡಿಹಾಕಿದರು. ಅವನು ಮಾಡಿದ್ದ 'ಅಪರಾಧ' ರಕ್ತದಾನ. ದಾನದ ರಕ್ತದಲ್ಲಿ ಸೋಂಕು ಕಂಡಿತ್ತು. ಇದೇ ವರ್ಷ ಇಡೀ ದೇಶಕ್ಕೆ ಅನ್ವಯಿಸುವ ಏಡ್ಸ್ ತಡೆ ಮಸೂದೆ ರಾಜ್ಯಸಭೆಗೆ ಬಂತು. ವ್ಯಾಪಕ ವಿರೋಧದ ನಂತರ 1992ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಪರೀಕ್ಷೆ ಮಾಡಿಸಿದರೆ ಬಂಧನ ಎಂಬ ಸ್ಥಿತಿಯಿದ್ದರೆ ಯಾರು ತಾನೇ ಪರೀಕ್ಷೆಗೆ ಬರುತ್ತಾರೆ? ಭಯಪಟ್ಟವನು ಇನ್ನಷ್ಟು ಒಳಗೆ ಅಡಗುತ್ತಾನೆ.

ಅಡಗಿದವರಲ್ಲಿ ಕೆಲವರು ಒಂದು ಉಪಾಯ ಕಂಡುಕೊಂಡರು. 1989ರಿಂದ ದಾನದ ರಕ್ತಕ್ಕೆ ಎಚ್.ಐ.ವಿ. ಪರೀಕ್ಷೆ ಕಡ್ಡಾಯವಾಗಿತ್ತು. ಹಾಗಾದರೆ ರಕ್ತ ಕೊಟ್ಟುಬಿಟ್ಟರೆ ಯಾರಿಗೂ ಹೇಳದೆ ಪರೀಕ್ಷೆಯೂ ಆಗುತ್ತದಲ್ಲ! ಈ ಯೋಚನೆ ಎಲ್ಲ ದೇಶಗಳ ರಕ್ತನಿಧಿಗಳಿಗೂ ತಲೆನೋವು ತಂದಿತು. ಸೋಂಕು ತಗಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಾಣು ಹೇರಳವಾಗಿರುತ್ತದೆ, ಆದರೆ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಆ ದಿನಗಳ ಪರೀಕ್ಷೆ ನೋಡುತ್ತಿದ್ದುದು ಪ್ರತಿಕಾಯವನ್ನು ಮಾತ್ರ. ಈ ನಡುವಿನ ಕಾಲವನ್ನೇ ಗವಾಕ್ಷಿ ಅವಧಿ ಎನ್ನುವುದು. ತನ್ನ ಆತಂಕ ಕಳೆಯಲು ಈ ಅವಧಿಯಲ್ಲಿ ರಕ್ತ ಕೊಟ್ಟವನು ಗೊತ್ತಿಲ್ಲದೆಯೇ ಇನ್ನೊಬ್ಬರ ಪ್ರಾಣಕ್ಕೆ ಕುತ್ತು ತರಬಹುದಿತ್ತು. ಗುಟ್ಟಾಗಿ, ಆದರೆ ಅಪಾಯವಿಲ್ಲದೆ ಪರೀಕ್ಷೆ ಮಾಡಿಸಿಕೊಳ್ಳುವ ಜಾಗವೊಂದು ಬೇಕೆಂಬ ಅರಿವು ಬಂದದ್ದರಲ್ಲಿ ಈ ಅನುಭವಕ್ಕೂ ಪಾಲಿದೆ.

ಬೆಂಗಳೂರಿನಲ್ಲಿ ಅಂಥ ಜಾಗಗಳು ಹುಟ್ಟಿದ್ದು 90ರ ದಶಕದಲ್ಲಿ, ಹೆಚ್ಚಾಗಿ ಖಾಸಗಿ ಪ್ರಯತ್ನಗಳಿಂದ. 1992ರಲ್ಲಿ ಅಶೋಕ್ ರಾವ್ ಆರಂಭಿಸಿದ ಫ್ರೀಡಂ ಫೌಂಡೇಶನ್ ಮೊದಲು ವ್ಯಸನಮುಕ್ತಿಗಾಗಿ ದುಡಿಯುತ್ತಿತ್ತು. ಹೆಣ್ಣೂರಿನ ಅದರ ಕೇಂದ್ರ ಮುಂದೆ ಬೇರೆಲ್ಲೂ ಹಾಸಿಗೆ ಸಿಗದ ಎಚ್.ಐ.ವಿ. ಪೀಡಿತರ ಆಸರೆಯಾಯಿತು. 1993ರಲ್ಲಿ ಸಂಘಮಿತ್ರಾ ಅಯ್ಯಂಗಾರ್ ಅವರ 'ಸಂರಕ್ಷ' ಆಪ್ತಸಮಾಲೋಚನೆಯೊಂದಿಗೆ ಪರೀಕ್ಷೆ ಎಂಬ ಕ್ರಮವನ್ನು ನಗರಕ್ಕೆ ಪರಿಚಯಿಸಿದ ಸಂಸ್ಥೆಗಳಲ್ಲೊಂದು. 1998ರಲ್ಲಿ ಡಾ. ಗ್ಲೋರಿ ಅಲೆಕ್ಸಾಂಡರ್ 'ಆಶಾ ಫೌಂಡೇಶನ್' ಸ್ಥಾಪಿಸಿದರು. ಸಿಂಗಾಪುರದಿಂದ ಹೆಚ್ಚು ದೂರವಿಲ್ಲದ ಹೆಬ್ಬಾಳದ ಆನಂದನಗರದಿಂದ ಕೆಲಸ ಮಾಡುವ ಈ ಸಂಸ್ಥೆ ದೂರವಾಣಿಯ ಮೂಲಕ ಏಡ್ಸ್ ಕುರಿತು ಸಲಹೆ ಕೊಡುವ ವ್ಯವಸ್ಥೆಯನ್ನೂ ನಡೆಸಿತು.

ಮೊಬೈಲು ಎಲ್ಲರ ಕೈಗೂ ಬರದಿದ್ದ ದಿನಗಳಲ್ಲಿ ದೂರವಾಣಿಯ ಸಲಹೆ ಎಂದರೇನೆಂದು ಈಗಿನವರಿಗೆ ಸ್ವಲ್ಪ ವಿವರಿಸಬೇಕು. ಎಸ್.ಟಿ.ಡಿ. ಬೂತಿನ ಗಾಜಿನ ಬಾಗಿಲು ಮುಚ್ಚಿಕೊಂಡು, ಬೆನ್ನು ತಿರುಗಿಸಿ, ಗುಂಡಿ ಒತ್ತಬೇಕು. ಹೊರಗೆ ಇನ್ನೊಬ್ಬ ಕಾಯುತ್ತಿರುತ್ತಾನೆ. ಆ ಕಡೆಯ ದನಿಗೆ ನಿಮ್ಮ ಹೆಸರು ಬೇಡ, ಮುಖ ಬೇಡ, ಜಾತಿ ಧರ್ಮ ಬೇಡ. ಮುತ್ತಿಟ್ಟರೆ ಬರುತ್ತದೆಯೆ, ಕ್ಷೌರದಂಗಡಿಯ ಬ್ಲೇಡಿನಿಂದ ಬರುತ್ತದೆಯೆ, ಸೊಳ್ಳೆಯಿಂದ ಬರುತ್ತದೆಯೆ ಎಂದು ಕೇಳುತ್ತ ಕೇಳುತ್ತ ಮನುಷ್ಯ ಕೊನೆಗೆ ತಾನು ಕೇಳಬೇಕಾದ ಪ್ರಶ್ನೆಗೆ ಬರುತ್ತಾನೆ. ಬೈಯದ, ನಗದ ಒಂದು ದನಿ ಸಿಕ್ಕಿತೆಂಬುದೇ ಅರ್ಧ ಔಷಧ. ಲಾಕ್ ಆಸ್ಪತ್ರೆಯ ನಗರದಲ್ಲಿ ಇದು ಸಣ್ಣ ಬದಲಾವಣೆಯಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಹೆಸರು ದಾಖಲಾಗದೆ ಯಾರನ್ನೂ ಬಿಡುತ್ತಿರಲಿಲ್ಲ, ಇಲ್ಲಿ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ.

ನಿಮ್ಹಾನ್ಸ್‌ನಲ್ಲಿ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಎಚ್.ಐ.ವಿ. ಮತ್ತು ಮನಸ್ಸಿನ ಸಂಬಂಧವನ್ನು 90ರ ದಶಕದಿಂದಲೇ ಅಧ್ಯಯನ ಮಾಡುತ್ತ ಬಂದರು. 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ತಡೆ ಸೊಸೈಟಿ ಸ್ಥಾಪನೆಯಾಯಿತು. ಸರಕಾರಿ ಆಸ್ಪತ್ರೆಗಳಲ್ಲಿ ಸ್ವಯಂಪ್ರೇರಿತ ಪರೀಕ್ಷಾ ಕೇಂದ್ರಗಳು ತೆರೆದುಕೊಂಡವು. ನಾವು ಈಗ ಐ.ಸಿ.ಟಿ.ಸಿ. ಎಂದು ಕರೆಯುವುದು ಇವುಗಳನ್ನೇ.

ಇಷ್ಟಾದರೂ 2000ದ ಸುಮಾರಿಗೆ ಬೀದಿಯ ಮಾತು ಬೇರೆಯೇ ಇತ್ತು. ಗೋಡೆಗಳ ಮೇಲೆ ತಲೆಬುರುಡೆ, 'ಏಡ್ಸ್ ಎಂದರೆ ಮರಣ' ಎಂಬಂಥ ಬರಹಗಳು. ಕರ್ನಾಟಕವನ್ನು ಸೋಂಕು ಹೆಚ್ಚಿರುವ ಆರು ರಾಜ್ಯಗಳ ಪಟ್ಟಿಯಲ್ಲಿ ಸೇರಿಸಲಾಗಿತ್ತು. ಹೆದರಿಸಿದರೆ ಜನ ತಿದ್ದಿಕೊಳ್ಳುತ್ತಾರೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಹೆದರಬೇಕಾದವರು ಹೆದರಲಿಲ್ಲ, ಈಗಾಗಲೇ ಹೆದರಿದ್ದವರು ಇನ್ನಷ್ಟು ಹೆದರಿದರು. ಮೆಜೆಸ್ಟಿಕ್ಕಿನ ಲಾಡ್ಜುಗಳಲ್ಲಿ ವಾರಕ್ಕೊಮ್ಮೆ ಬಂದು 'ಗುಪ್ತರೋಗ' ವಾಸಿಮಾಡುವವರಿಗೆ ಒಳ್ಳೆಯ ವ್ಯಾಪಾರವಾಯಿತು.

ಭಯದ ಸ್ವರೂಪ ನಿಜವಾಗಿ ಬದಲಾದದ್ದು ಔಷಧದಿಂದ. 2001ರ ಫೆಬ್ರವರಿಯಲ್ಲಿ ಸಿಪ್ಲಾ ಕಂಪೆನಿಯ ಯೂಸುಫ್ ಹಮೀದ್ ಮೂರು ಔಷಧಗಳ ಮಿಶ್ರಣವನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಕೊಡುವುದಾಗಿ ಸಾರಿದರು. ಆಗ ಪಾಶ್ಚಾತ್ಯ ಕಂಪೆನಿಗಳ ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರಿನ ಮೇಲಿತ್ತು. 2004ರ ಏಪ್ರಿಲ್ 1ರಿಂದ ಭಾರತ ಸರಕಾರ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭಿಸಿತು. ಮೊದಲ ಹಂತದ ಬೆರಳೆಣಿಕೆಯ ಆಸ್ಪತ್ರೆಗಳಲ್ಲಿ ಕರ್ನಾಟಕಕ್ಕೆ ಸಿಕ್ಕಿದ್ದು ಬೆಂಗಳೂರಿನ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ. ಬೌರಿಂಗ್ ಆಸ್ಪತ್ರೆ ಆರಂಭವಾದದ್ದು 1868ರಲ್ಲಿ, ಲಾಕ್ ಆಸ್ಪತ್ರೆಗಳ ಕಾಯ್ದೆ ಬಂದ ಅದೇ ವರ್ಷ, ಅದೇ ದಂಡು ಪ್ರದೇಶದಲ್ಲಿ. ಈ ಕಾಕತಾಳೀಯವನ್ನು ಯಾರೂ ಯೋಜಿಸಿದ್ದಲ್ಲ.

2007ರಲ್ಲಿ ಇನ್ನೊಂದು ಸಂಗತಿ ನಡೆಯಿತು. ದೇಶದಲ್ಲಿ 52 ಲಕ್ಷ ಸೋಂಕಿತರಿದ್ದಾರೆಂದು ಅದುವರೆಗೆ ಹೇಳಲಾಗುತ್ತಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ರಕ್ತಪರೀಕ್ಷೆಗಳ ಆಧಾರದಲ್ಲಿ ಲೆಕ್ಕ ತಿದ್ದಿದಾಗ ಅದು ಸುಮಾರು 25 ಲಕ್ಷಕ್ಕೆ ಇಳಿಯಿತು. 2005-06ರ ಆ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇಕಡ 0.69 ಇತ್ತು. ಈಚಿನ ಅಂದಾಜುಗಳಲ್ಲಿ ಅದು ಶೇಕಡ ಅರ್ಧಕ್ಕಿಂತ ಕೆಳಗಿದೆ.

ಸಿಂಗಾಪುರದ ಗೆಳೆಯನಿಗೆ ನಾನು ಮೊದಲು ಹೇಳಹೊರಟಿದ್ದು ಇಂಥ ಅಂಕಿಗಳನ್ನೇ. ಅಂಕಿಗಳು ನಿಜಕ್ಕೂ ಸಮಾಧಾನದವು. ಚಿಕಿತ್ಸೆಯಲ್ಲಿಲ್ಲದ ಸೋಂಕಿತ ಹೆಣ್ಣಿನ ಜೊತೆ ಕಾಂಡೋಮ್ ಇಲ್ಲದೆ ಒಂದು ಬಾರಿ ಸಂಪರ್ಕವಾದರೆ ಗಂಡಸಿಗೆ ಸೋಂಕು ತಗಲುವ ಸಾಧ್ಯತೆ ಸರಾಸರಿ ಹತ್ತು ಸಾವಿರಕ್ಕೆ ನಾಲ್ಕು. ಸೋಂಕಿತ ಗಂಡಸಿನಿಂದ ಹೆಣ್ಣಿಗೆ ಹತ್ತು ಸಾವಿರಕ್ಕೆ ಎಂಟು. ಗುದಸಂಪರ್ಕದಲ್ಲಿ ಸ್ವೀಕರಿಸುವವರಿಗೆ ಬಹಳ ಹೆಚ್ಚು, ಹತ್ತು ಸಾವಿರಕ್ಕೆ 138. ಗುಪ್ತಾಂಗದ ಹುಣ್ಣುಗಳಿದ್ದರೆ, ಸಂಗಾತಿಗೆ ಸೋಂಕು ಹೊಸದಾಗಿದ್ದರೆ ಈ ಪ್ರಮಾಣ ಏರುತ್ತದೆ. ಚಿಕಿತ್ಸೆ ತಪ್ಪದೆ ಪಡೆದು ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದೇ ಇಲ್ಲ. 2011ರಿಂದ 2019ರವರೆಗಿನ ದೊಡ್ಡ ಅಧ್ಯಯನಗಳು ಇದನ್ನು ಸ್ಥಿರಪಡಿಸಿದವು. ಹಾಗೆಂದು ಅಂಕಿ ಚಿಕ್ಕದೆಂದು ಯಾರೂ ಜೂಜಾಡಬಾರದು. ಲಕ್ಷಾಂತರ ಜನರಿಗೆ ಸೋಂಕು ತಗಲಿದ್ದು ಈ ಚಿಕ್ಕ ಅಂಕಿಗಳಿಂದಲೇ.

ಆದರೆ ಭಯಪಟ್ಟವನಿಗೆ ಗಣಿತ ಹಿಡಿಸುವುದಿಲ್ಲ. 'ಆ ನಾಲ್ವರಲ್ಲಿ ನಾನೇ ಒಬ್ಬನಾಗಿದ್ದರೆ?' ಎಂದ. 'ಪರೀಕ್ಷೆ ತಪ್ಪಿದ್ದರೆ?' ಎಂದ. ಐದೂ ತಪ್ಪಲು ಸಾಧ್ಯವೇ ಎಂದರೆ, 'ನನ್ನ ದೇಹದಲ್ಲಿ ಪ್ರತಿಕಾಯವೇ ಹುಟ್ಟದಿದ್ದರೆ?' ಎಂದ. ಅವನು ಓದಿಕೊಂಡಿದ್ದ. ಓದಿದಷ್ಟೂ ಭಯಕ್ಕೆ ಹೊಸ ಬಾಗಿಲು ತೆರೆಯುತ್ತಿತ್ತು.

ನಮ್ಮ ಮನೆಗಳಲ್ಲಿ ಇದಕ್ಕೊಂದು ಹಳೆಯ ಹೆಸರಿದೆ: ವಸ್‌ವಾಸ್. ವುಝೂ ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ಕೈಕಾಲು ತೊಳೆಯುತ್ತ ನಮಾಝಿನ ಹೊತ್ತು ಮೀರಿಸಿಕೊಳ್ಳುವವರನ್ನು ಎಲ್ಲರೂ ಕಂಡಿರುತ್ತೇವೆ. ಖಚಿತವಾದುದನ್ನು ಬರಿಯ ಸಂಶಯ ಅಳಿಸಲಾರದೆಂಬುದು ಫಿಕ್ಹ್‌ನ ಮೂಲಭೂತ ನಿಯಮಗಳಲ್ಲೊಂದು. ಅಂಥವರಿಗೆ ಪಂಡಿತರು ಇನ್ನೊಮ್ಮೆ ತೊಳೆಯಲು ಹೇಳಲಿಲ್ಲ, ಸಂಶಯಕ್ಕೆ ಕಿವಿಗೊಡಬೇಡ ಎಂದರು. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸುಗಳ ಆರೋಗ್ಯದ ಕುರಿತ ತನ್ನ ಗ್ರಂಥದಲ್ಲಿ ಕೋಪ, ದುಃಖ, ಭಯಗಳ ಜೊತೆಗೆ ವಸ್‌ವಾಸನ್ನೂ ಮನಸ್ಸಿನ ತೊಂದರೆಯಾಗಿ ವಿವರಿಸಿದ. ಇಂಥವರು ಒಂಟಿಯಾಗಿರಬಾರದು, ಮಿಥ್ಯೆಯ ಯೋಚನೆಗೆ ಸರಿಯಾದ ಯೋಚನೆಯಿಂದಲೇ ಉತ್ತರ ಕೊಡಬೇಕು ಎಂಬುದು ಅವನ ಸಲಹೆಯ ಸಾರ. ಸಾವಿರ ವರ್ಷದ ಬಳಿಕ ಮನೋವೈದ್ಯರು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಪ್ರತಿಯೊಂದು ಹೊಸ ಪರೀಕ್ಷೆ ಎರಡು ದಿನದ ಸಮಾಧಾನ ಕೊಟ್ಟು, ಮೂರನೆಯ ದಿನ ಇನ್ನೊಂದು ಪರೀಕ್ಷೆಯ ಹಸಿವು ಹುಟ್ಟಿಸುತ್ತದೆ. ಆ ಸರಪಳಿ ಕಡಿಯುವುದೇ ಚಿಕಿತ್ಸೆ.

ಇದರ ಬುಡದಲ್ಲಿ ಇರುವುದು ಬಹಳ ಸಲ ಪಾಪಪ್ರಜ್ಞೆ. ತಪ್ಪು ಮಾಡಿದ್ದೇನೆ, ಆದ್ದರಿಂದ ಶಿಕ್ಷೆ ಬಂದೇ ಬರಬೇಕು, ಚೀಟಿಯಲ್ಲಿ ಶಿಕ್ಷೆ ಕಾಣುತ್ತಿಲ್ಲವಾದರೆ ಚೀಟಿಯೇ ಸುಳ್ಳು. ಇದು ಆ ಯೋಚನೆಯ ದಾರಿ. ತಪ್ಪನ್ನು ತಪ್ಪಲ್ಲವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ತೌಬಾ ಇದೆ, ಅದು ಮನುಷ್ಯನಿಗೂ ಅವನ ಸೃಷ್ಟಿಕರ್ತನಿಗೂ ನಡುವಿನ ವಿಚಾರ. ವೈರಾಣುವಿಗೆ ಆ ಲೆಕ್ಕ ಗೊತ್ತಿಲ್ಲ. ಏನೂ ತಪ್ಪು ಮಾಡದ ಹೆಂಡತಿಗೆ ಅದು ತಗಲುತ್ತದೆ, ತಪ್ಪು ಮಾಡಿದ ಗಂಡಸು ಪಾರಾಗಿರುತ್ತಾನೆ. ಈ ಎರಡು ಲೆಕ್ಕಗಳನ್ನು ಬೆರೆಸಿದ್ದರಿಂದಲೇ ಸೋಂಕಿತರೆಲ್ಲ ಪಾಪಿಗಳೆಂಬ ಕ್ರೂರ ಮಾತೂ ನಮ್ಮ ಸಮಾಜದಲ್ಲಿ ಬೇರೂರಿತು. ಇನ್ನೊಬ್ಬರ ದೋಷವನ್ನು ಮುಚ್ಚಿಡುವುದು ಸದ್ಗುಣವೆಂದು ಕೇಳುತ್ತ ಬೆಳೆದವರು ಕೂಡ ಈ ವಿಷಯದಲ್ಲಿ ಮಾತ್ರ ಊರಿಗೆಲ್ಲ ಡಂಗುರ ಸಾರಿದ್ದುಂಟು.

ಈ ಭಯದಲ್ಲಿರುವ ಓದುಗರು ಯಾರಾದರೂ ಇದ್ದರೆ ಇಂದಿನ ಸ್ಥಿತಿ ತಿಳಿದಿರಲಿ. ಅಪಾಯದ ಸಂಪರ್ಕವಾಗಿ 72 ಗಂಟೆ ಕಳೆದಿಲ್ಲವಾದರೆ ಸೋಂಕು ನೆಲೆಯೂರದಂತೆ ತಡೆಯುವ ಔಷಧವಿದೆ, ಪಿ.ಇ.ಪಿ. ಎನ್ನುತ್ತಾರೆ. 28 ದಿನ ಬಿಡದೆ ಸೇವಿಸಬೇಕು. ಸೂಜಿ ಚುಚ್ಚಿಸಿಕೊಂಡ ಆರೋಗ್ಯ ಸಿಬ್ಬಂದಿಯ ಮೇಲಿನ ಅಧ್ಯಯನವೊಂದು 90ರ ದಶಕದಲ್ಲಿ ಇದರ ಪ್ರಯೋಜನ ತೋರಿಸಿತ್ತು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. ಆದ್ದರಿಂದ ಮರುದಿನ ಮಾಡಬೇಕಾದ ಕೆಲಸ ಮೊಬೈಲು ತಡಕುವುದಲ್ಲ, ವೈದ್ಯರ ಬಳಿ ಹೋಗುವುದು. ಮೂರು ದಿನ ಕಳೆದಿದ್ದರೆ ಪರೀಕ್ಷೆಯೊಂದೇ ದಾರಿ. ಪ್ರತಿಕಾಯದ ಜೊತೆಗೆ ವೈರಾಣುವಿನ ಅಂಶವನ್ನೂ ಹುಡುಕುವ ಈಗಿನ ಪ್ರಯೋಗಾಲಯ ಪರೀಕ್ಷೆ 45 ದಿನಗಳ ಬಳಿಕ 'ಇಲ್ಲ' ಎಂದರೆ ಅದನ್ನು ನಂಬಬಹುದು. ಬೆರಳು ಚುಚ್ಚಿ ಮಾಡುವ ತ್ವರಿತ ಪರೀಕ್ಷೆಗೆ ಮೂರು ತಿಂಗಳು ತುಂಬಲಿ. ತಡೆ ಔಷಧ ತೆಗೆದುಕೊಂಡಿದ್ದರೆ ದಿನಗಳನ್ನು ಔಷಧ ಮುಗಿದಲ್ಲಿಂದ ಎಣಿಸಬೇಕು. ಅಲ್ಲಿಯವರೆಗೆ ಕಾಂಡೋಮ್ ಇಲ್ಲದ ಸಂಪರ್ಕ ಬೇಡ, ರಕ್ತದಾನವೂ ಬೇಡ. ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳನ್ನೂ ಮಾಡಿಸುವುದು ಜಾಣತನ. ಏಡ್ಸ್‌ನ ಗುಂಗಿನಲ್ಲಿ ಜನ ಇವನ್ನು ಮರೆಯುತ್ತಾರೆ, ಗುಣವಾಗುವ ಸಿಫಿಲಿಸ್ ಸುಮ್ಮನೆ ಉಳಿದುಬಿಡುತ್ತದೆ.

ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. 1097 ಸಂಖ್ಯೆಗೆ ಶುಲ್ಕವಿಲ್ಲದೆ ಕರೆಮಾಡಿ ಕೇಳಬಹುದು. ಅವಧಿ ಮುಗಿದ ಮೇಲಿನ ಪರೀಕ್ಷೆ 'ಇಲ್ಲ' ಎಂದ ನಂತರವೂ ಭಯ ಬಿಡದಿದ್ದರೆ ಆಗ ಹೋಗಬೇಕಾದದ್ದು ಆರನೆಯ ಪ್ರಯೋಗಾಲಯಕ್ಕಲ್ಲ, ಮನೋವೈದ್ಯರ ಬಳಿಗೆ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದಕ್ಕೆ ನಮ್ಮ ನಿಮ್ಹಾನ್ಸೇ ಮಾರ್ಗದರ್ಶಿ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಉಳಿಯುತ್ತದೆ. ಈ ಭಯದ ಚರಿತ್ರೆಯಲ್ಲಿ ಮಾತಾಡುವವರು ಹೆಚ್ಚಾಗಿ ಗಂಡಸರು. ದೇಶದ ಸೋಂಕಿತರಲ್ಲಿ ಶೇಕಡ 40ಕ್ಕಿಂತ ಹೆಚ್ಚು ಹೆಂಗಸರು. ಇವರಲ್ಲಿ ಬಹಳ ಮಂದಿಗೆ ಗಂಡನ ಹೊರತು ಬೇರೆ ಸಂಪರ್ಕವೇ ಇರಲಿಲ್ಲ. ಅವರಿಗೆ ಆತಂಕಪಡುವ ಅವಕಾಶವೂ ಸಿಗಲಿಲ್ಲ, ಯಾಕೆಂದರೆ ಯಾವುದೋ ಊರಿನ ಯಾವುದೋ ರಾತ್ರಿಯ ಸುದ್ದಿಯೇ ಅವರಿಗೆ ತಿಳಿದಿರಲಿಲ್ಲ. ಬಸುರಿನ ತಪಾಸಣೆಗೆ ಹೋದಾಗ ರಕ್ತ ಪರೀಕ್ಷೆಯಲ್ಲಿ ಮೊದಲು ಸಿಕ್ಕಿಬಿದ್ದವಳು ಹೆಂಡತಿ. ಮೊದಲು ಸಿಕ್ಕಿದ್ದರಿಂದಲೇ ರೋಗ ತಂದವಳೂ ಅವಳೇ ಎಂದು ಅತ್ತೆಮನೆ ತೀರ್ಮಾನಿಸಿದ್ದುಂಟು. ಲಾಕ್ ಆಸ್ಪತ್ರೆಯ ತರ್ಕ ಮನೆಯೊಳಗೆ ಮುಂದುವರಿದದ್ದು ಹೀಗೆ.

ಗೆಳೆಯನನ್ನು ನಾನು ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಪ್ತಸಮಾಲೋಚಕಿ ಐದು ಚೀಟಿಗಳನ್ನೂ ಒಂದೊಂದಾಗಿ ನೋಡಿ ತಾರೀಖುಗಳನ್ನು ಎಣಿಸಿದರು. ಕೊನೆಯ ಮೂರು ಪರೀಕ್ಷೆಗಳು ಅವಧಿ ಮುಗಿದ ಮೇಲಿನವು, ಇನ್ನು ಮಾಡಿಸುವ ಅಗತ್ಯವಿಲ್ಲ ಎಂದರು. ಅವನು ಮತ್ತೆ ತನ್ನ ಪ್ರಶ್ನೆಗಳನ್ನು ತೆಗೆಯುವ ಮೊದಲೇ, 'ಹೆಂಡತಿ ಎಲ್ಲಿದ್ದಾರೆ?' ಎಂದು ಕೇಳಿದರು. ಊರಿನಲ್ಲಿ ಎಂದ. ಕೊನೆಯ ಸಲ ಹೋದದ್ದು ಯಾವಾಗ ಎಂದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅವಳಿಗೆ ತಗಲೀತೆಂಬ ಹೆದರಿಕೆಯಿಂದ ಏಳು ತಿಂಗಳಿನಿಂದ ಊರಿಗೇ ಹೋಗಿರಲಿಲ್ಲ. ಹಬ್ಬಕ್ಕೂ ಹೋಗಿರಲಿಲ್ಲ. ಅವನು ಬೆಂಗಳೂರಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆಂದು ಅಲ್ಲಿ ಮಾತಾಗುತ್ತಿತ್ತು. ಅವಳು ತವರಿಗೆ ಹೊರಡಲು ಸಿದ್ಧಳಾಗಿದ್ದಳು.

ಅದರ ಬಗ್ಗೆ ಅವರಿಬ್ಬರೂ ಅರ್ಧ ಗಂಟೆಗೂ ಹೆಚ್ಚು ಮಾತಾಡಿದರು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಆ ವಾರದ ಕೊನೆಗೆ ಅವನು ಯಶವಂತಪುರದಿಂದ ರಾತ್ರಿಯ ರೈಲು ಹತ್ತಿದ. ಪ್ಲಾಸ್ಟಿಕ್ ಕವರನ್ನು ಏನು ಮಾಡಿದನೆಂದು ನಾನು ಕೇಳಲಿಲ್ಲ.